ಜ್ಞಾನನಾಶಿನಿ

ಪಂಚು ಮಾಮಾ ಪರಮ ಸಾಧು, ಕೋಪ ಅಂದರೇನೆಂದೇ ಅರಿಯದವರು ಎಂದು ಸ್ಮರಣೆಯ ಸಭೆಯಲ್ಲಿ ಇನ್ನೊಬ್ಬ ಭಾಷಣಕಾರರೂ ಹೇಳಿ ಕೂತರು. ಅಖಿಲಾ ಮುಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿದಳು.

ಸಾಧುವಂತೆ! ಕುಂಭಕೋಣದ ಅರ್ಧ ಊರಿಗೆ ಸಂಸ್ಕೃತ, ಇನ್ನರ್ಧಕ್ಕೆ ಸಂಗೀತ ಕಲಿಸಿದ ಪಂಚಾಪಕೇಶ ಶಾಸ್ತ್ರಿಗಳು ಒಂದು ದೀರ್ಘ ಹ್ರಸ್ವವಾದರೆ ಸಾಕು, ಎಂಥ ದೊಡ್ಡ ವಿದ್ವಾಂಸರ ಕಚೇರಿಯಾದರೂ ನಡುವೆಯೇ ಎದ್ದು ನಿಂತು ಗದರುತ್ತಿದ್ದರು. ಈಗ ವೇದಿಕೆಯ ಮೇಲೆ ಕೈಕಟ್ಟಿ ನಿಂತಿರುವ ಊರಿನ ಸಂಗೀತ ಸಭೆಯ ಕಾರ್ಯದರ್ಶಿ ಕಿಟ್ಟಾಮಣಿ ಚಿಕ್ಕಂದಿನಲ್ಲಿ ಅಖಿಲಾಳ ಜೊತೆಯಲ್ಲೇ ಪಾಠಕ್ಕೆ ಬರುತ್ತಿದ್ದ. 'ದೇವೀಂ' ಎನ್ನುವಲ್ಲಿ 'ದೇವಿಂ' ಎಂದನೆಂದು ಮಾಮಾ ಅವನ ಶ್ರುತಿಪೆಟ್ಟಿಗೆಯನ್ನು ಎತ್ತಿ ಜಗುಲಿಯ ಮೇಲಿಟ್ಟು, "ನಾಲಿಗೆ ಸಾಣೆ ಹಿಡಿಸ್ಕೊಂಡು ಬಾ, ಹೋಗು" ಎಂದು ಬಾಗಿಲು ಹಾಕಿಕೊಂಡಿದ್ದರು. ಅವನು ತಿರುಗಿ ಬರಲೇ ಇಲ್ಲ.

ಅಖಿಲಾ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಆದರೂ ಬಿಡದೆ ಹೋದಳು, ಏಕೆಂದರೆ ಆ ಮನುಷ್ಯ ಕಿವಿಗೊಟ್ಟು ಕೇಳುತ್ತಿದ್ದ ಹಾಗೆ ಲೋಕದಲ್ಲಿ ಇನ್ನಾರೂ ಅವಳ ದನಿಯನ್ನು ಕೇಳಿರಲಿಲ್ಲ, ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ. ಬೈದು ಮುಗಿಸಿ ಮಾಮಾ ತಾವೇ ಒಳಗೆ ಹೋಗಿ ಕಾಫಿ ಬೆರೆಸಿ ತರುತ್ತಿದ್ದರು. ಅದನ್ನು ಅವಳ ಮುಂದಿಟ್ಟು ಒಂದು ಪದದ ಅರ್ಥ ಹೇಳತೊಡಗಿದರೆ ಕಾಫಿ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಕುಡಿದರೆ ಮಾತು ತುಂಡಾದೀತೆಂದು ಅವಳೂ ಮುಟ್ಟುತ್ತಿರಲಿಲ್ಲ.

ಆಯುಸ್ಸೆಲ್ಲ ಬೇರೆಯವರ ಕೃತಿಗಳನ್ನು ತಿದ್ದಿದ ಮಾಮಾ ತಾವು ಕಟ್ಟಿದ್ದು ಒಂದೇ ಕೃತಿ, ಸರಸ್ವತಿಯ ಮೇಲೆ, ಸಾವೇರಿ ರಾಗದಲ್ಲಿ. ಅದನ್ನು ಕಲಿತದ್ದು ಅಖಿಲಾ ಒಬ್ಬಳೇ. ಅವಳ ಗಂಟಲೋ ಕಾಯಿಲೆ ಬಂದು ಕೆಟ್ಟು ಕೂತಿತ್ತು. ಹಾಗಾಗಿ ಮೊದಲ ವರ್ಷದ ಸ್ಮರಣೆಗೆ ಚೆನ್ನೈಯಿಂದ ವಾಗೀಶನ್ ಎಂಬ ಹೆಸರಾಂತ ಗಾಯಕನನ್ನು ಕರೆಸಿ, ಅವನು ಹಾಡಿದ್ದನ್ನು ರೆಕಾರ್ಡ್ ಮಾಡಿ ಎಲ್ಲ ಕಡೆ ಹಂಚುವುದೆಂದು ಸಭೆ ತೀರ್ಮಾನಿಸಿತ್ತು. ಇಂದು ಹೇಗೆ ಹಾಡುತ್ತಾನೋ ಹಾಗೇ ಆ ಕೃತಿ ಉಳಿಯುತ್ತದೆ.

ಕೃತಿಯಲ್ಲಿ 'ಸದಾಜ್ಞಾನನಾಶಿನಿ' ಎಂಬ ಮಾತಿದೆ. ಸದಾ, ಅಜ್ಞಾನನಾಶಿನಿ: ಯಾವಾಗಲೂ ಅಜ್ಞಾನವನ್ನು ಕಳೆಯುವವಳು. ಶಾಲೆಯ ಮಕ್ಕಳಿಗೂ ಗೊತ್ತಿರುವ ಸವರ್ಣದೀರ್ಘ ಸಂಧಿ. ಆದರೆ ಹಾಡುವವನು 'ಸದಾ' ಎಂದು ನಿಲ್ಲಿಸಿ ಉಸಿರೆಳೆದನೋ, ಉಳಿಯುವುದು ಜ್ಞಾನನಾಶಿನಿ. ವಿದ್ಯೆಯ ತಾಯಿ ವಿದ್ಯೆಯನ್ನೇ ನುಂಗುವವಳಾಗುತ್ತಾಳೆ. ಅವಳು ಬರೆದುಕೊಟ್ಟ ಸ್ವರಸಾಹಿತ್ಯ ನೋಡಿ ಕಲಿತ ವಾಗೀಶನ್, ತಾನು ಹಾಡಿ ಕಳಿಸಿದ್ದ ಅಭ್ಯಾಸದ ರೆಕಾರ್ಡಿನ ತುಣುಕಿನಲ್ಲಿ ಸರಿಯಾಗಿ ಅಲ್ಲಿಯೇ ಉಸಿರೆಳೆದಿದ್ದ.

ಭಾಷಣಕ್ಕೆ ಮುಂಚೆ ಅವಳು ವೇದಿಕೆಯ ಹಿಂದಿನ ಕೋಣೆಗೆ ಹೋಗಿದ್ದಳು. ವಾಗೀಶನ್ ರವಾ ದೋಸೆ ಬಿಟ್ಟು ಎದ್ದು ಎಡಗೈಯನ್ನೇ ಎದೆಗಿಟ್ಟುಕೊಂಡು ನಮಸ್ಕಾರ ಮಾಡಿದ.

"ಆ ಸದಾಜ್ಞಾನ ಅನ್ನೋ ಸಾಲಿದೆಯಲ್ಲಪ್ಪ, ಅದು ಬಹಳ ಮುಖ್ಯ. ಮಾಮಾ ಪ್ರಾಣ ಇರೋದೇ ಅಲ್ಲಿ. ಅಲ್ಲಿ ನೀನು ಉಸಿರು..."

"ಅಖಿಲಾ, ಇಲ್ಲೇ ಇದ್ದೀಯಾ! ಫೋಟೋಕ್ಕೆ ಬಾ, ಕಲೆಕ್ಟರ್ ಕಾಯ್ತಿದಾರೆ," ಎಂದು ಕಿಟ್ಟಾಮಣಿ ನಡುವೆ ತಲೆ ಹಾಕಿದ.

"ಇರೋ, ಒಂದೇ ಮಾತು."

"ಆಮೇಲೆ ಹೇಳಿದ್ರಾಯ್ತು. ಅವರಿಗೇನು ಹಾಡೋಕೆ ಬರಲ್ವಾ?"

"ಸದಾಜ್ಞಾನ ಸಾಲು ತಾನೆ ಮಾಮಿ? ನೀವು ಹೇಳಿದ ಮೇಲೆ ಮುಗೀತು. ನಾನು ನೋಡ್ಕೋತೀನಿ," ಎಂದ ವಾಗೀಶನ್.

ಅವನು ನೋಡಿಕೊಂಡ. ಭಾಷಣಗಳು ಮುಗಿದ ಮೇಲೆ ಸಾವೇರಿಯ ಆಲಾಪನೆ ಬೆಣ್ಣೆಯಂತೆ ಬಂತು. ಪಲ್ಲವಿ, ಅನುಪಲ್ಲವಿ ಎಲ್ಲ ಚೊಕ್ಕಟ. ಚರಣದಲ್ಲಿ ಆ ಮಾತು ಬಂದಾಗ 'ಸದಾ...' ಎಂದು ಕಣ್ಣುಮುಚ್ಚಿ, ಹಾಯಾಗಿ ಉಸಿರೆಳೆದುಕೊಂಡು, 'ಜ್ಞಾನನಾಶಿನಿ' ಎಂದ. ಅಖಿಲಾಳ ಮೈಯೆಲ್ಲ ಉರಿದುಹೋಯಿತು. ಹೋಗಲಿ, ಒಂದು ಸಲ, ದಾಟಿಹೋಗುತ್ತಾನೆ ಎಂದುಕೊಂಡಳು. ದಾಟಲಿಲ್ಲ. ಆ ಸಾಲನ್ನೇ ಹಿಡಿದು ನೆರವಲ್ ಶುರು ಮಾಡಿದ, ಅಂದರೆ ಅದೊಂದನ್ನೇ ಮತ್ತೆ ಮತ್ತೆ ಬಗೆಬಗೆಯಾಗಿ ಬೆಳೆಸತೊಡಗಿದ. ಕೆಳಗಿನ ಸ್ಥಾಯಿಯಲ್ಲಿ ಜ್ಞಾನನಾಶಿನಿ, ಮೇಲಿನದರಲ್ಲಿ ಜ್ಞಾನನಾಶಿನಿ, ಪಿಟೀಲಿನವನು ಬಾರಿಸಿ ಕೊಟ್ಟ ಮೇಲೆ ಇನ್ನೂ ಇಂಪಾಗಿ ಜ್ಞಾನನಾಶಿನಿ. ಸುತ್ತ ಕೂತ ಹಿರಿತಲೆಗಳು, ಹೆಚ್ಚಿನವರು ಮಾಮಾನ ಶಿಷ್ಯರೇ, ತೊಡೆ ತಟ್ಟಿಕೊಂಡು "ಭಲೇ, ಭಲೇ" ಎಂದರು. ನಲವತ್ತು ವರ್ಷ ಆ ಮನುಷ್ಯ ಗಂಟಲು ಹರಿದುಕೊಂಡದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಅವಳಿಗೆ ತಡೆಯಲಾಗಲಿಲ್ಲ. ನಿಲ್ಲಿಸು ಎಂದು ಕೂಗಲು ಎದ್ದು ನಿಂತಳು. ಕೆಟ್ಟ ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ವಾಗೀಶನ್ ಆಗತಾನೆ ಮುಕ್ತಾಯಕ್ಕೆ ಬಂದಿದ್ದ. ಮಾಮಾನ ಹಿರಿಯ ಶಿಷ್ಯೆಯೇ ಎದ್ದು ನಿಂತು ಗೌರವ ಸಲ್ಲಿಸುತ್ತಿದ್ದಾಳೆಂದುಕೊಂಡು ಪಕ್ಕದವರು ಎದ್ದರು, ಹಿಂದಿನವರು ಎದ್ದರು, ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ವಾಗೀಶನ್ ಕೈಮುಗಿದ. "ಇದರ ಪುಣ್ಯವೆಲ್ಲ ಅಖಿಲಾ ಮಾಮಿಗೆ ಸೇರ್ಬೇಕು. ನಾನು ಬೇರೆ ಕಡೆ ನೆರವಲ್ ಅಂದ್ಕೊಂಡಿದ್ದೆ. ಶಾಸ್ತ್ರಿಗಳ ಪ್ರಾಣ ಇರೋದು ಈ ಸಾಲಲ್ಲೇ ಅಂತ ಮಾಮೀನೇ ಬಂದು ಹೇಳಿದ್ರು. ಇದು ಅವರು ಕೊಟ್ಟ ಪಾಠ."

ರೆಕಾರ್ಡಿಂಗ್ ನಡೆಯುತ್ತಲೇ ಇತ್ತು. ಅಖಿಲಾ ಸೀರೆಯ ನೆರಿಗೆ ಎತ್ತಿಹಿಡಿದು ವೇದಿಕೆ ಹತ್ತಿ ಕಿಟ್ಟಾಮಣಿಯ ಕೈಯಿಂದ ಮೈಕ್ ಕಿತ್ತುಕೊಂಡಳು.

"ತಪ್ಪು," ಎಂದಳು. ಮೈಕಿನಲ್ಲಿ ಅವಳ ಒಡಕು ದನಿ ಕರಕರ ಎಂದಿತು. "ಇದು ನಾನು ಕೊಟ್ಟ ಪಾಠ ಅಲ್ಲ. ಅಜ್ಞಾನನಾಶಿನಿ ಅದು. ಜ್ಞಾನ ಹಾಳಾಗ್ಲಿ ಅಂತ ಇವನು ಹಾಡಿದ, ನೀವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ರಿ. ಮಾಮಾ ಹತ್ರ ಕಲ್ತವರು ಒಬ್ಬರಿಗೂ ಕಿವಿ ಇಲ್ವಾ?"

ವಾಗೀಶನ್ ಮುಖ ಕೆಂಪಗೆ ಮಾಡಿಕೊಂಡು ತಂಬೂರಿಯ ಕಡೆ ನೋಡಿದ. ಯಾರಾದರೂ ಹೌದು ಎನ್ನುತ್ತಾರೇನೋ ಎಂದು ಅವಳು ಸಾಲು ಸಾಲಾಗಿ ಮುಖ ಹುಡುಕಿದಳು. ಎಲ್ಲರೂ ಅವಳನ್ನು ಪಾಪ ಎಂಬಂತೆ ನೋಡುತ್ತಿದ್ದರು.

ಕಿಟ್ಟಾಮಣಿ ಮೆಲ್ಲಗೆ ಅವಳ ಬೆರಳು ಬಿಡಿಸಿ ಮೈಕ್ ತೆಗೆದುಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಕೂತ್ಕೋ ಅಖಿಲಾ," ಎಂದ. "ಅತಿಥಿಗಳನ್ನ ಹೀಗೆ ಅನ್ಬಾರದಮ್ಮ. ನಮ್ಮ ಮಾಮಾ ಇದ್ದಿದ್ರೆ ಯಾರ ಮನಸ್ಸನ್ನಾದ್ರೂ ಹೀಗೆ ನೋಯಿಸ್ತಿದ್ರಾ, ನೀನೇ ಹೇಳು."

ಮಾಮಾ ತೀರಿಕೊಂಡ ದಿನ ಅವಳು ಅತ್ತಿರಲಿಲ್ಲ. ಈಗ ಅಷ್ಟು ಜನರ ಮುಂದೆ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.