ಅಕ್ಷರ ತಿದ್ದದ ಟೈಪಿಸ್ಟ್

ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದ ಚಂದ್ರಮತಿ ಒಂದೇ ಒಂದು ವಾಕ್ಯವನ್ನೂ ಸ್ವಂತದ್ದಾಗಿ ಹೊಡೆದವಳಲ್ಲ. ಸಾಹೇಬರು ಬರೆದುಕೊಟ್ಟದ್ದನ್ನು, ಬಾಯಲ್ಲಿ ಹೇಳಿದ್ದನ್ನು ಇದ್ದ ಹಾಗೇ ಇಳಿಸುವುದು ಅವಳ ಕೆಲಸ. ಸೇರಿದ ಹೊಸತರಲ್ಲಿ ಒಮ್ಮೆ ಕರಡಿನಲ್ಲಿದ್ದ ತಾರೀಖು ತಪ್ಪಾಗಿದೆಯೆಂದು ತಾನೇ ಸರಿಮಾಡಿ ಎಲ್ಲರೆದುರು ಬೈಸಿಕೊಂಡಿದ್ದಳು. "ತಪ್ಪಿದ್ರೆ ತಪ್ಪೇ ಹೊಡೀರಿ. ತಿದ್ದೋದು ನನ್ ಕೆಲ್ಸ, ನಿಮ್ದಲ್ಲ" ಎಂದಿದ್ದರು ಸಾಹೇಬರು. ಅಂದಿನಿಂದ ಅವಳು ಯಾರ ಮಾತನ್ನೂ ತಿದ್ದಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನೌಕರಿಯ ಗುಣವೂ ಹಾಗೇ, ಪಿಂಚಣಿ ಬಂದರೂ ಹೋಗದು.

ಅವಳ ಗಂಡ ಸುಂದರೇಶ ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಕಳೆದುಕೊಂಡವರು. ಅದರಿಂದ ಅವರ ಯಾವ ಕೆಲಸವೂ ನಿಂತಿರಲಿಲ್ಲ. ಬೆರಳಲ್ಲಿ ಬ್ರೈಲ್ ಓದಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಇತಿಹಾಸ ಹೇಳಿ, ಸಂಜೆಯಾದರೆ ಕೃಷ್ಣಮೂರ್ತಿಪುರಂನ ತಮ್ಮ ಮನೆಯ ಜಗಲಿಯಲ್ಲಿ ಕೂತು, ಬೀದಿಯಲ್ಲಿ ಹೋಗುವವರನ್ನು ಹೆಜ್ಜೆಸದ್ದಿನಲ್ಲೇ ಗುರುತಿಸಿ ಕರೆದು ಹರಟೆ ಹೊಡೆಯುತ್ತಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ಕಿವಿ ಮಂದವಾಯಿತು. ಹೋದ ಯುಗಾದಿಯ ಹೊತ್ತಿಗೆ ಪೂರ್ತಿ ಹೋಯಿತು. ಕಿವಿಗೆ ಹಾಕುವ ಯಂತ್ರವೂ ಪ್ರಯೋಜನಕ್ಕೆ ಬರಲಿಲ್ಲ.

ಆಮೇಲೆ ಅವರಿಗೆ ಏನಾದರೂ ಹೇಳಬೇಕಾದರೆ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯಬೇಕಾಯಿತು. ಕಣ್ಣಿದ್ದಾಗ ಕಲಿತ ಅಕ್ಷರ ಅವರಿಗೆ ನೆನಪಿತ್ತು, ಆದರೆ ಒತ್ತಕ್ಷರ ಬಂದರೆ ಎಡವುತ್ತಿದ್ದರು. ಊಟ, ಕಾಫಿ, ನೀರು, ಮಲಗಿ. ಮನೆಯ ಮಾತೆಲ್ಲ ಇಷ್ಟಕ್ಕೆ ಇಳಿಯಿತು. ಮೊದಮೊದಲು ತಾವಾದರೂ ಮಾತಾಡುತ್ತಿದ್ದವರು, ಉತ್ತರ ಬಾರದ ಮಾತು ಯಾಕೆಂದು ಬರಬರುತ್ತಾ ಬಿಟ್ಟೇಬಿಟ್ಟರು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಆ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಹೀಗೇ ಬಿಟ್ಟರೆ ಗಂಡ ಒಳಗೊಳಗೇ ಎಲ್ಲೋ ಹೊರಟುಹೋಗುತ್ತಾರೆ, ಆಮೇಲೆ ಕರೆದರೂ ಬರುವುದಿಲ್ಲ ಎಂದು ಚಂದ್ರಮತಿಗೆ ಭಯವಾಗಿತ್ತು.

ದಾರಿ ಹುಡುಕಿದವಳು ಮಗಳು ಮಾಲವಿಕಾ. ಶಾಲೆಯೊಂದರಲ್ಲಿ ವಿಜ್ಞಾನ ಹೇಳುವ ಅವಳು ಅಪ್ಪ ಅಮ್ಮನ ಜೊತೆಗೇ ಇದ್ದಳು. ಸುಂದರೇಶರ ಬಳಿ ಟಿಪ್ಪಣಿ ಬರೆದುಕೊಳ್ಳುವ ಬ್ರೈಲ್ ಯಂತ್ರವೊಂದಿತ್ತು. ಪುಸ್ತಕದಷ್ಟು ಗಾತ್ರ, ಕೆಲವೇ ಗುಂಡಿಗಳು, ಎರಡು ಮೂರನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಬರೆದದ್ದು ಕೆಳಗಿನ ಪಟ್ಟಿಯಲ್ಲಿ ಚುಕ್ಕೆಗಳಾಗಿ ಎದ್ದು ಬೆರಳಿಗೆ ಸಿಗುತ್ತದೆ, ಅಳಿಸಿದರೆ ಅಡಗುತ್ತದೆ. ಆ ಗುಂಡಿಗಳ ಜೊತೆ ಚಂದ್ರಮತಿ ಎರಡು ತಿಂಗಳು ಗುದ್ದಾಡಿ ಸೋತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಮಾಲವಿಕಾ ಒಂದು ಕೀಬೋರ್ಡ್ ತಂದು, ಯಂತ್ರಕ್ಕೆ ಜೋಡಿಸಿ, ಅಮ್ಮನ ಮುಂದಿಟ್ಟಳು.

"ಅಮ್ಮಾ, ನೀನು ಆಫೀಸಲ್ಲಿ ಕಂಪ್ಯೂಟರ್‌ನಲ್ಲಿ ಹೊಡೀತಿದ್ಯಲ್ಲ, ಅದೇ ಕನ್ನಡ ಕೀಬೋರ್ಡು. ನೀನಿಲ್ಲಿ ಹೊಡಿ, ಅಪ್ಪನ ಬೆರಳಡಿಗೆ ಬ್ರೈಲಾಗಿ ಹೋಗತ್ತೆ."

"ಏನ್ ಹೊಡೀಲೇ?"

"ಏನಾದ್ರೂ. ನಾನು ಮಾತಾಡ್ತಿರೋದನ್ನೇ ಹೊಡಿ."

ಅಷ್ಟು ಸಾಕಾಯಿತು. ಹಳೇ ಟೈಪ್‌ರೈಟರಿನಲ್ಲಿ ಪಳಗಿದ ಕೈ. ಹೊಡೆತಕ್ಕೆ ಮೇಜಿನ ಮೇಲಿನ ಲೋಟ ಕುಣಿಯಿತು. ಸುಂದರೇಶರ ಬೆರಳು ಪಟ್ಟಿಯ ಮೇಲೆ ಹರಿದು, ನಿಂತು, ಮತ್ತೆ ಮೊದಲಿಗೆ ಬಂತು.

"ಮಾಲೂ, ನೀನು ಮಾತಾಡ್ತಿದೀಯಾ?" ಎಂದರು. ತಮ್ಮ ದನಿ ತಮಗೇ ಕೇಳದ್ದರಿಂದ ಅದು ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಮಾಲವಿಕಾಗೆ ಅಳು ಬಂತು. ಚಂದ್ರಮತಿ ಅದನ್ನೂ ಬಿಡದೆ ಹೊಡೆದಳು: ಮಾಲವಿಕಾ ಅಳುತ್ತಿದ್ದಾಳೆ.

ಮುಂದಿನ ಹದಿನೈದು ದಿನ ಆ ಮನೆ ಮತ್ತೆ ಮನೆಯಾಯಿತು. ಮಗಳ ಶಾಲೆಯ ಗೋಳು, ಸೊಪ್ಪಿನವನ ಕೂಗು, ಎದುರುಮನೆ ಅಂಬುಜಮ್ಮ ಸೊಸೆಯ ಮೇಲೆ ತಂದ ದೂರು, ಎಲ್ಲವೂ ಸಭೆಯ ನಡಾವಳಿಯ ಹಾಗೆ ಹೆಸರಿನ ಸಮೇತ ಇಳಿಯಿತು. ಅಂಬುಜಮ್ಮ ಸ್ವಲ್ಪ ನೋಡಿಕೊಂಡು ಮಾತಾಡತೊಡಗಿದರು, ದಾಖಲಾಗುತ್ತದಲ್ಲ. ಸುಂದರೇಶರು ನಕ್ಕರು, ವಾದಕ್ಕಿಳಿದರು, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಗೂ ಬಂದರು.

ಒಂದು ಮಧ್ಯಾಹ್ನ ಮಗಳು ಶಾಲೆಗೆ ಹೋಗಿದ್ದಳು. ಬೀದಿಯೂ ಖಾಲಿ. ಚಂದ್ರಮತಿ ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತಿದ್ದಳು. ಯಾರೂ ಮಾತಾಡುತ್ತಿರಲಿಲ್ಲ, ಹಾಗಾಗಿ ಹೊಡೆಯಲು ಏನೂ ಇರಲಿಲ್ಲ. ಸುಂದರೇಶರ ಬೆರಳು ಬರಿದಾದ ಪಟ್ಟಿಯ ಮೇಲೆ ಕಾಯುತ್ತಿತ್ತು.

"ಚಂದ್ರಾ, ಇದೀಯಾ?"

ಇದ್ದೀನಿ, ಎಂದು ಹೊಡೆದಳು.

"ಹದಿನೈದು ದಿನದಿಂದ ಎಲ್ರೂ ಬಂದ್ಹೋದ್ರು ಕಣೇ ಇದ್ರಲ್ಲಿ. ಮಾಲೂ, ಅಂಬುಜಮ್ಮ, ಸೊಪ್ಪಿನೋನು. ನೀನೊಬ್ಳೇ ಬರ್ಲಿಲ್ಲ. ಹೇಗಿದೀಯ ನೀನು?"

ಹೇಳುವುದಕ್ಕೆ ಎದೆ ತುಂಬ ಇತ್ತು. ಒಂದು ವರ್ಷದ್ದು ಅಲ್ಲೇ ಗಂಟು ಕಟ್ಟಿಕೊಂಡಿತ್ತು. ಆದರೆ ಬೆರಳು ಕದಲಲಿಲ್ಲ. ಯಾರಾದರೂ ಹೇಳಿದರೆ ತಾನೇ ಹೊಡೆಯುವುದು? ತನ್ನ ಬೆರಳೇ ತನ್ನ ಮಾತು ಕೇಳುತ್ತಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಸಿಟ್ಟೂ ಆಯಿತು.

ಸುಂದರೇಶ ಕಾದರು. ಮೂವತ್ತೈದು ವರ್ಷ ಸಂಸಾರ ಮಾಡಿದವರಿಗೆ ಹೆಂಡತಿ ಎಲ್ಲಿ ಸಿಕ್ಕಿಬಿದ್ದಿದ್ದಾಳೆಂದು ತಿಳಿಯದೆ ಇರುತ್ತದೆಯೇ? "ಸರಿ, ನಾನೇ ಡಿಕ್ಟೇಷನ್ ಕೊಡ್ತೀನಿ, ಹೊಡ್ಕೊಳಿ" ಎಂದರು, ಸಾಹೇಬರ ಗತ್ತಿನಲ್ಲಿ. "ನನಗೆ ಏನೂ ಕಷ್ಟ ಇಲ್ಲ."

ಯಾರು ವಿಚಾರಿಸಿದರೂ ಅವಳು ಹೇಳುತ್ತಿದ್ದ ಮಾತೇ ಅದು. ಚಂದ್ರಮತಿ ಚಕಚಕನೆ ಹೊಡೆದಳು. ಸುಂದರೇಶ ಕೊನೆಯ ಚುಕ್ಕೆಯವರೆಗೂ ಓದಿದರು. ಆದರೆ ಬೆರಳನ್ನು ತೆಗೆಯಲಿಲ್ಲ, ಅಲ್ಲೇ ಇಟ್ಟುಕೊಂಡು ಕೂತರು.

ಚಂದ್ರಮತಿ ಆ ಬೆರಳನ್ನೇ ನೋಡಿದಳು. ಕರಡಿನಲ್ಲಿ ತಪ್ಪಿತ್ತು. ತಾರೀಖಿಗಿಂತ ದೊಡ್ಡ ತಪ್ಪು. ಅಳಿಸುವ ಕೀಲಿಯನ್ನು ಒಂದು ಸಲ ಒತ್ತಿದಳು. ಇನ್ನೊಂದು ಸಲ, ಮತ್ತೊಂದು ಸಲ. ಸುಂದರೇಶರ ಬೆರಳಡಿ ಚುಕ್ಕೆಗಳು ಒಂದೊಂದಾಗಿ ಅಡಗಿದವು. 'ಇಲ್ಲ' ಹೋಯಿತು, 'ಕಷ್ಟ' ಹೋಯಿತು, 'ಏನೂ' ಹೋಯಿತು, 'ನನಗೆ' ಮಾತ್ರ ಉಳಿಯಿತು. ಆಮೇಲೆ ಅವಳು, ಟೈಪಿಂಗ್ ಕ್ಲಾಸಿಗೆ ಹೊಸದಾಗಿ ಸೇರಿದವಳ ಹಾಗೆ, ಒಂದೊಂದೇ ಅಕ್ಷರ ಹುಡುಕಿ ಹೊಡೆದಳು.

"ನನಗೆ ಕಷ್ಟ ಇದೆ. ನೀವು ಮಾತು ಬಿಟ್ಟಿದ್ರಲ್ಲ, ಆಗ ಅಡುಗೆಮನೇಲಿ ನಾನೇ ನಿಮ್ಮ ಹಾಗೆ ಮಾತಾಡ್ಕೊತಿದ್ದೆ. ಚಂದ್ರಾ, ಕಾಫಿ ಆಯ್ತಾ ಅಂತ ನಾನೇ ಕೇಳ್ಕೊಂಡು, ಆಯ್ತು ಬನ್ನಿ ಅಂತ ನಾನೇ ಹೇಳ್ಕೊತಿದ್ದೆ. ನಿಮ್ಮ ದನಿ ಮರೆತುಹೋಗಬಾರದು ಅಂತ."

ಸುಂದರೇಶ ಓದಿದರು. ಮತ್ತೆ ಮೊದಲಿಗೆ ಹೋಗಿ ಇನ್ನೊಮ್ಮೆ ಓದಿದರು. ಅವರ ಕೆನ್ನೆ ಒದ್ದೆಯಾಗಿತ್ತು. ಎಷ್ಟೋ ತಿಂಗಳ ಮೇಲೆ ಅವರ ದನಿ ಮೆಲ್ಲಗೆ, ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಬಂತು.

"ಚಂದ್ರಾ, ಕಾಫಿ ಆಯ್ತಾ?"

ಒಲೆಯ ಮೇಲೆ ಹಾಲು ಕೂಡ ಇಟ್ಟಿರಲಿಲ್ಲ. ಚಂದ್ರಮತಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಡೆದಳು:

"ಇನ್ನೂ ಇಲ್ಲ. ಇರಿ, ನನ್ನ ಮಾತು ಮುಗಿದಿಲ್ಲ."