ಫ್ಯಾನಿನ ಕೆಳಗಿನ ಚಿತ್ರ

೧೯೯೬ರ ಏಪ್ರಿಲ್ ಬಿಸಿಲು ಪೀಣ್ಯದ ಶೀಟು ಮನೆಗಳನ್ನು ರೊಟ್ಟಿ ಹಂಚಿನ ಹಾಗೆ ಕಾಯಿಸಿಟ್ಟಿತ್ತು. ಮಹಾನಂದಾಳ ಗಂಡ ಸಿದ್ರಾಮ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕು. ಮೈತುಂಬ ಬೆವರುಸಾಲೆ ಎದ್ದ ಎಂಟು ತಿಂಗಳ ಮಗಳು ಅತ್ತು ಅತ್ತು ಅವನನ್ನು ಮಲಗಗೊಡಳು. ಹಿಂದಿನ ವಾರ ಅವನು ತೂಕಡಿಸಿ, ಯಂತ್ರಕ್ಕೆ ಬೆರಳು ಸಿಗುವುದು ಸ್ವಲ್ಪದರಲ್ಲಿ ತಪ್ಪಿತ್ತು.

ದಾರಿ ತೋರಿಸಿದವಳು ಪಕ್ಕದ ಮನೆಯ ಮುನಿಯಕ್ಕ. ಅವಳು ಸಿಟಿಯ ಚಿತ್ರಶಾಲೆಯೊಂದರಲ್ಲಿ ಕಸ ಗುಡಿಸುತ್ತಿದ್ದಳು.

"ಕೂಸ್ನ ಎತ್ಕಂಡು ನನ್ ಜೊತೆ ಬಾ ಕಣವ್ವಾ. ಎತ್ತರದ ಸೂರು, ದೊಡ್ಡ ಫ್ಯಾನು. ಕೂತ್ಕಂಡ್ರೆ ಎಬ್ಬಿಸ್ತಾರೆ. ಪಟ ನೋಡ್ತಾ ನಿಂತ್ಕಂಡ್ರೆ ಯಾವನೂ ಕೇಳಾಕಿಲ್ಲ."

ಫ್ಯಾನಿದ್ದದ್ದು ಒಳಕೋಣೆಯ ಮೂಲೆಯಲ್ಲಿ, ಗೋಡೆಯಗಲದ ಒಂದು ಕೆಂಪು ಚಿತ್ರದ ಮುಂದೆ. ಉಳಿದವರು ಹೇಗೆ ನೋಡುತ್ತಾರೆಂದು ಮಹಾನಂದಾ ಗಮನಿಸಿದಳು. ಕತ್ತು ಓರೆ ಮಾಡಿ ಎರಡು ಹೆಜ್ಜೆ ಹಿಂದೆ, ಕಣ್ಣು ಕಿರಿದು ಮಾಡಿ ಎರಡು ಹೆಜ್ಜೆ ಮುಂದೆ. ಇದು ಕೂಸು ತೂಗುವ ನಡಿಗೆಯೇ ಅಲ್ಲವೇ! ಮಗು ಮೂರು ತಾಸು ನಿದ್ದೆ ಹೊಡೆಯಿತು. ಮನೆಯಲ್ಲಿ ಸಿದ್ರಾಮನೂ.

ದಿನಾ ಬರುವ ಅವಳನ್ನು ಕಾವಲಿನ ವೆಂಕಟೇಶಪ್ಪ "ಬನ್ನಿ ಮೇಡಂ" ಎನ್ನತೊಡಗಿದ. ನಾಲ್ಕನೆಯ ದಿನ ಬಗಲಿಗೆ ಚೀಲ ಹಾಕಿಕೊಂಡವರೊಬ್ಬರು ಹತ್ತಿರ ಬಂದರು.

"ಈ ಚಿತ್ರ ಬರೆದೋನು ನಾನೇ ಕಣಮ್ಮಾ, ಕರಿಬಸಪ್ಪ ಅಂತ. ಮೂರು ದಿನದಿಂದ ನಿಮ್ಮನ್ನ ನೋಡ್ತಿದೀನಿ. ನನ್ನ ಹೆಂಡ್ತಿನೂ ಇದರ ಮುಂದೆ ಎರಡು ನಿಮಿಷ ನಿಂತಿಲ್ಲ. ಏನು ಕಾಣಿಸ್ತು ನಿಮಗೆ?"

ಫ್ಯಾನು ಎಂದರೆ ಹೊರಗೆ ಕಳಿಸಿಯಾರು. ಸುಳ್ಳು ಹೇಳಲೂ ಮನಸ್ಸಿಲ್ಲ. "ಇಲ್ಲಿ ನಿಂತ್ರ ಕೂಸು ನಿದ್ದಿ ಮಾಡತೈತ್ರಿ," ಎಂದಳು.

ಕರಿಬಸಪ್ಪನವರ ಕಣ್ಣು ತುಂಬಿತು. "ನೋಡಿದ್ರಾ ವೆಂಕಟೇಶಪ್ಪಾ? ಎಂಥಾ ಶಾಂತಿ! ಇದು ಮೂಲೇಲಿ ಇರೋ ಚಿತ್ರ ಅಲ್ಲ."

ಹತ್ತೇ ನಿಮಿಷದಲ್ಲಿ ಇಬ್ಬರು ಆಳುಗಳು ಚಿತ್ರವನ್ನು ಮುಂದಿನ ಹಾಲಿಗೆ ಹೊತ್ತರು. ಅಲ್ಲಿ ಗಾಜಿನ ಗೋಡೆ, ನೇರ ಬಿಸಿಲು, ಫ್ಯಾನಿಲ್ಲ. ಇಲ್ಲಿ ಫ್ಯಾನಿನ ಮುಂದೆ ಉಳಿದದ್ದು ಒಂದು ಮೊಳೆ. ಮೊಳೆ ನೋಡುತ್ತ ಎಷ್ಟು ಹೊತ್ತು ನಿಲ್ಲಲಾದೀತು? ಮಹಾನಂದಾ ಚಿತ್ರ ಹೊತ್ತವರ ಹಿಂದೆಯೇ ಆ ಹಾಲಿಗೆ ಹೋದಳು. ಮಗು ಎಚ್ಚೆತ್ತು, ಸೂರು ಹಾರುವಂತೆ ಕಿರುಚಿತು. ಕರಿಬಸಪ್ಪ ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಕಿರುಚಾಟ ಇನ್ನಷ್ಟು ಏರಿತು.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ," ಎಂದಳು ಮಹಾನಂದಾ. "ನಿದ್ದಿ ಮಾಡ್ಸಿದ್ದು ನಿಮ್ಮ ಪಟ ಅಲ್ರಿ, ಪಂಖಾ. ಈಕಿ ಅಪ್ಪ ರಾತ್ರಿ ಪಾಳಿ ಮುಗಿಸಿ ಮನ್ಯಾಗ ಮಲಗ್ಯಾರ. ಅವ್ರು ನಿದ್ದಿಗೆಟ್ರ ಮಿಷನ್‌ನ್ಯಾಗ ಬೆರಳು ಉಳಿಯಂಗಿಲ್ರಿ."

"ಶಾಂತಿ ಅಂದ್ರೆ ಮೂರು ರೆಕ್ಕೇದಾ ಸಾರ್?" ಎಂದ ವೆಂಕಟೇಶಪ್ಪ.

ಕರಿಬಸಪ್ಪನವರ ಮುಖ ಬಾಡಿತು. ಮಗುವಿನ ಕತ್ತಿನ ಗುಳ್ಳೆಗಳನ್ನು ನೋಡಿದರು. ತಮ್ಮ ಬೆವರನ್ನೂ ಒರೆಸಿಕೊಂಡರು. "ಎತ್ರಪ್ಪಾ, ಮೊದಲಿದ್ದಲ್ಲೇ ನೇತುಹಾಕಿ. ಇವರಿಗೊಂದು ಕುರ್ಚಿ ಕೊಡಿ. ಚಿತ್ರ ಇರೋವರೆಗೂ ಇವರು ನನ್ನ ಕಡೆಯವರು."

ಫ್ಯಾನಿನ ಕೆಳಗೆ ಮಗು ಮತ್ತೆ ಕಣ್ಣು ಮುಚ್ಚಿತು. ಕರಿಬಸಪ್ಪ ಬಗ್ಗಿ, "ಈಗಾದ್ರೂ ಒಂದ್ಸಲ ಚಿತ್ರ ನೋಡ್ತೀರಾ?" ಎಂದು ಪಿಸುಗುಟ್ಟಿದರು.

ಅವಳು ಮೊದಲ ಸಲ ನಿಜವಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಭಾಳ ಧಗಿ ಐತ್ರಿ ಇದರಾಗ. ನೋಡಿದ್ರ ಬೆವರು ಬರತೈತಿ."

ಚಿತ್ರದ ಹೆಸರು 'ಬೇಸಿಗೆ'. ಕರಿಬಸಪ್ಪ ಹಿಗ್ಗಿ ಹೀರೇಕಾಯಿಯಾಗಿ ಕೂಗಲೆಂದು ಬಾಯಿ ತೆರೆದರು. ಮಹಾನಂದಾ ತುಟಿಯ ಮೇಲೆ ಬೆರಳಿಟ್ಟಳು. ಅವರು ಬಾಯಿ ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೊರನಡೆದರು.