ಐದನೆಯ ಹೊಲದ ಮಣ್ಣು

ಕೀಟನಾಶಕ ಮಣ್ಣಿನಲ್ಲಿ ಎಷ್ಟು ಬೇಗ ಒಡೆದು ನಾಶವಾಗುತ್ತದೆ, ಎಲ್ಲಿಗೆ ಹರಿದುಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಲೋರ್ನಾ ಹಾಫ್‌ಸ್ಟಾಡಳ ಕೆಲಸ. ಹೊಸ ಔಷಧಿಯೊಂದರ ಪರೀಕ್ಷೆಗೆ ಅಮೆರಿಕದ ಅಯೋವಾ ರಾಜ್ಯದ ಐದು ಮೆಕ್ಕೆಜೋಳದ ಹೊಲಗಳಿಂದ ಮಣ್ಣು ಬಂದಿತ್ತು. ನಾಲ್ಕರಲ್ಲಿ ಔಷಧಿ ಬೇಗಬೇಗ ನಾಶವಾಗಿತ್ತು. ಐದನೆಯದು ಜಿಗುಟು ಜೇಡಿ. ಅದರಲ್ಲಿ ಪರೀಕ್ಷೆಯ ಕೊನೆಯವರೆಗೂ ಮುಕ್ಕಾಲು ಪಾಲು ಹಾಗೇ ಕೂತಿತ್ತು. ಆ ಮಣ್ಣನ್ನು ಲೆಕ್ಕಕ್ಕೆ ಸೇರಿಸಿದರೆ ಮಳೆಗೆ ನದಿ ಸೇರುವ ವಿಷ ಸರ್ಕಾರದ ಮಿತಿ ಮೀರುತ್ತಿತ್ತು. ಕೈಬಿಟ್ಟರೆ ಔಷಧಿಗೆ ಅನುಮತಿ ಸಲೀಸು.

ಸಾಲಿಗೆ ಬಾರದ ಮಣ್ಣನ್ನು ಕೈಬಿಡುವುದಕ್ಕೆ ಅವರ ಕಚೇರಿಯಲ್ಲಿ 'ಹಲ್ಲು ಕೀಳುವುದು' ಎನ್ನುತ್ತಿದ್ದರು. ಮೇಲಧಿಕಾರಿ ರಸೆಲ್, "ಒಂದು ಹಲ್ಲು ಕಿತ್ತು ಸೋಮವಾರ ವರದಿಗೆ ಸಹಿ ಹಾಕಿಬಿಡು" ಎಂದು ನಗುತ್ತ ಹೋದ. ಆ ನಗು ಅವಳಿಗೆ ಅಸಹ್ಯವೆನಿಸಿತು.

ಆ ಐದನೆಯ ಹೊಲ ಅವಳ ತಮ್ಮ ಆರ್ಲೆನ್‌ನದು. ಭಾನುವಾರ ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವನು ರಸೆಲ್‌ಗೆ ಉಗಿಯುತ್ತಾನೆ, ತನ್ನ ಬೆನ್ನಿಗೆ ನಿಲ್ಲುತ್ತಾನೆ ಎಂದುಕೊಂಡಿದ್ದಳು, ಪಾಪ.

"ಬಿಟ್ಬಿಡು ಅಕ್ಕ ಆ ಮಣ್ಣನ್ನ," ಎಂದ ಆರ್ಲೆನ್, ಹಂದಿಮಾಂಸದ ಸ್ಯಾಂಡ್‌ವಿಚ್ ಅಗಿಯುತ್ತ. "ಬೇರುಹುಳಕ್ಕೆ ಹಳೇ ಔಷಧಿ ಯಾವ್ದೂ ನಾಟ್ತಿಲ್ಲ. ಇದೂ ಬರ್ಲಿಲ್ಲ ಅಂದ್ರೆ ನಾನೇನು ಬೆಳೀಲಿ?"

"ನಿನ್ನ ಮಕ್ಕಳು ಕುಡಿಯೋ ನೀರು ಕಣೋ."

ಅವನು ಮೂಲೆಯತ್ತ ಗದ್ದ ತಿರುಗಿಸಿದ. ಅಲ್ಲಿ ಅಂಗಡಿ ನೀರಿನ ಕ್ಯಾನುಗಳನ್ನು ಎದೆಮಟ್ಟ ಪೇರಿಸಿಟ್ಟಿದ್ದರು. "ನಾವು ಬೋರ್‌ನೀರು ಬಿಟ್ಟು ಎಷ್ಟೋ ವರ್ಷ ಆಯ್ತು. ಹೊಲದ ನೀರು ನೆಲದಡಿ ಹೂತ ಕೊಳವೇಲಿ ನದಿಗೆ ಹೋಗತ್ತೆ. ಕೆಳಗಿನೂರವ್ರು ಸೋಸ್ಕೊಂಡು ಕುಡೀತಾರೆ."

"ಆ ಕೆಳಗಿನೂರಲ್ಲೇ ನಾನಿರೋದು."

"ನೀನೂ ಕ್ಯಾನ್ ತರಿಸ್ಕೊ," ಎಂದ, ಪ್ರೀತಿಯಿಂದಲೇ. ಇನ್ನೊಂದು ಸ್ಯಾಂಡ್‌ವಿಚ್ಚನ್ನು ಅವಳ ತಟ್ಟೆಗೆ ಹಾಕಿದ.

ಅವಳು ಅದನ್ನು ಮುಟ್ಟಲಿಲ್ಲ. ರಸೆಲ್ ಸಂಬಳಕ್ಕಾಗಿ ಸುಳ್ಳು ಹೇಳುವವನು, ಅವನ ಬಗ್ಗೆ ಅಸಹ್ಯಪಟ್ಟು ಮರೆಯಬಹುದು. ತಾನು ಎತ್ತಿ ಆಡಿಸಿದ ಈ ತಮ್ಮನನ್ನು ಏನು ಮಾಡುವುದು?

ಸೋಮವಾರ ಐದೂ ಮಣ್ಣಿದ್ದ ವರದಿಗೇ ಸಹಿ ಹಾಕಿ, ರಸೆಲ್‌ನನ್ನು ಕೇಳದೆ ಸರ್ಕಾರಕ್ಕೆ ಕಳಿಸಿಬಿಟ್ಟಳು. ಸಂಜೆ ತಮ್ಮನಿಗೆ ತಾನೇ ಫೋನ್ ಮಾಡಿ ತಿಳಿಸಿದಳು. ಅವನು ಫೋನ್ ಇಟ್ಟುಬಿಟ್ಟ.

ಆ ವರ್ಷ ಮನೆಮಂದಿಯೆಲ್ಲ ಸೇರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅವನ ಮನೆಯಿಂದ ಕರೆ ಬರಲಿಲ್ಲ. ಕರೆದಿದ್ದರೂ ತಾನು ಹೋಗುತ್ತಿರಲಿಲ್ಲ ಎಂದು ಅವಳು ಕೇಳಿದವರಿಗೆಲ್ಲ ಹೇಳಿದಳು. ಅದು ಸುಳ್ಳು.